ಒಂದೇ ಮಣ್ಣು, ಎರಡು ನಾಡು: ಥಾರ್ ಮರುಭೂಮಿ ಮತ್ತು ಗಂಗಾ ಬಯಲು

ಭಾರತದ ಭೂಪಟವನ್ನು ಮುಂದಿಟ್ಟುಕೊಂಡು, 27 ಡಿಗ್ರಿ ಉತ್ತರ ಅಕ್ಷಾಂಶದ ಗುಂಟ ಒಂದು ಸ್ಕೇಲನ್ನು ಅಡ್ಡಲಾಗಿ ಇಟ್ಟು ನೋಡಿ. ಪಶ್ಚಿಮದಲ್ಲಿ ಅದು ಜೈಸಲ್ಮೇರನ್ನು ಮುಟ್ಟುತ್ತದೆ. ಹಾಗೆಯೇ ಪೂರ್ವಕ್ಕೆ ಬಂದರೆ ಲಖನೌವನ್ನು ಮುಟ್ಟುತ್ತದೆ. ಎರಡು ಊರುಗಳಿಗೂ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಕಾಣುತ್ತಾನೆ. ಆದರೆ ಲಖನೌದಲ್ಲಿ ವರ್ಷಕ್ಕೆ 900 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಜೈಸಲ್ಮೇರಿನಲ್ಲಿ 200 ಮಿ.ಮೀ. ಬಿದ್ದರೆ ಅದೇ ಒಳ್ಳೆಯ ವರ್ಷ. ಒಂದು ಕಡೆ ಕಬ್ಬು, ಭತ್ತ, ಮಾವಿನ ತೋಪು. ಇನ್ನೊಂದು ಕಡೆ ಖೇಜಡಿ ಮರ, ಸಜ್ಜೆಯ ಹೊಲ, ಮರಳಿನ ದಿಬ್ಬ.

ಭೂಗೋಳದ ಪುಸ್ತಕದಲ್ಲಿ ಮರುಭೂಮಿ ಒಂದು ಪಾಠ, ಮೈದಾನ ಇನ್ನೊಂದು ಪಾಠ. ಪರೀಕ್ಷೆಗೆ ಓದಲು ಅದು ಅನುಕೂಲವೇ. ಆದರೆ ಥಾರ್ ಮರುಭೂಮಿಯನ್ನೂ ಗಂಗಾ ಬಯಲನ್ನೂ ಜೊತೆಗಿಟ್ಟು ನೋಡಿದಾಗಲೇ ಅವುಗಳ ಚರಿತ್ರೆ ತಿಳಿಯುವುದು. ಎರಡಕ್ಕೂ ಬಂಡವಾಳ ಬಹುಮಟ್ಟಿಗೆ ಒಂದೇ: ಹಿಮಾಲಯ ಮತ್ತು ಅದರ ನೆರೆಯ ಪರ್ವತಗಳು ಸವೆದು ಬಂದ ಪುಡಿ. ಆ ಪುಡಿ ಎಲ್ಲಿ ಹೊಲವಾಯಿತು, ಎಲ್ಲಿ ದಿಬ್ಬವಾಯಿತು ಎಂಬುದನ್ನು ತೀರ್ಮಾನಿಸಿದ್ದು ಹವಾಗುಣ. ಈ ತೀರ್ಮಾನ ಒಮ್ಮೆಗೇ ಮುಗಿದುಹೋದದ್ದಲ್ಲ. ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಅದನ್ನು ತಿಳಿಯುವ ಮೊದಲು ಮರುಭೂಮಿಯ ಅಪವಾದವನ್ನು ಹೊತ್ತವರು ಅಲ್ಲಿಯ ಕುರಿ ಮೇಕೆ ಕಾಯುವ ಜನ.

ಮೊದಲು ಬಯಲಿನ ಮಾತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಉತ್ತರಕ್ಕೆ ಸರಿದು ಏಷ್ಯಾದ ಫಲಕಕ್ಕೆ ಒತ್ತಿಕೊಂಡಿತು. ಅಲ್ಲಿಂದ ಮುಂದೆ ಹಿಮಾಲಯ ಮೇಲೆದ್ದಿತು. ಪರ್ವತದ ಭಾರಕ್ಕೆ ಅದರ ದಕ್ಷಿಣದ ಬುಡದಲ್ಲಿ ನೆಲ ಬಾಗಿ ಉದ್ದನೆಯ ತಗ್ಗಾಯಿತು. ಆ ತಗ್ಗನ್ನು ತುಂಬಿದ್ದು ನದಿಗಳು. ಬೆಟ್ಟದ ಬುಡಕ್ಕೆ ಹತ್ತಿರದ ಕೆಲವೆಡೆ ಈ ತುಂಬುಮಣ್ಣಿನ ಆಳವೇ ಹಲವು ಕಿಲೋಮೀಟರು. ಆದರೆ ಪರ್ವತ ಎತ್ತರವಾಗಿದ್ದ ಮಾತ್ರಕ್ಕೆ ಮಣ್ಣು ತಾನಾಗಿ ಕೆಳಗೆ ಬಂದು ಹರಡುವುದಿಲ್ಲ. ಅದನ್ನು ಇಳಿಸಲು ನೀರು ಬೇಕು, ಅದೂ ರಭಸದ ನೀರು. ವರ್ಷದ ಬಹುಪಾಲು ಮಳೆಯನ್ನು ನಾಲ್ಕೇ ತಿಂಗಳಲ್ಲಿ ಸುರಿಸಿಬಿಡುವ ನಮ್ಮ ಮುಂಗಾರು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಗಂಗಾ ಮತ್ತು ಬ್ರಹ್ಮಪುತ್ರ ಎರಡೂ ಸೇರಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳು ಹೊತ್ತು ತರುತ್ತವೆ. ಕಡಲು ಸೇರಿದ ಹೂಳು ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿ.ಮೀ. ಉದ್ದಕ್ಕೆ ಬೀಸಣಿಗೆಯಂತೆ ಹರಡಿಕೊಂಡಿದೆ.

ಬಯಲು ಇನ್ನೂ ತಯಾರಾಗುತ್ತಲೇ ಇದೆ ಎಂಬುದಕ್ಕೆ ಬಿಹಾರದ ಕೋಸಿ ನದಿಯೇ ಸಾಕ್ಷಿ. ತಾನು ತಂದ ಹೂಳಿನಿಂದ ತನ್ನ ಪಾತ್ರವನ್ನೇ ಎತ್ತರಿಸಿಕೊಂಡು, ತಗ್ಗು ಕಂಡ ಕಡೆ ನುಗ್ಗುವುದು ಅದರ ಸ್ವಭಾವ. ಸುಮಾರು ಎರಡು ಶತಮಾನಗಳ ಅವಧಿಯಲ್ಲಿ ಅದು ನೂರು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಸರಿದಿತ್ತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಎಂಬಲ್ಲಿ ಒಡ್ಡು ಒಡೆದಾಗ ಮತ್ತೆ ಪೂರ್ವಕ್ಕೆ, ತಾನು ಬಿಟ್ಟುಬಂದ ಹಳೆಯ ದಾರಿಗೆ ಹೊರಳಿತು. ಆ ದಾರಿಯಲ್ಲಿ ಅಷ್ಟರಲ್ಲಿ ಊರುಗಳು ನೆಲೆಸಿದ್ದವು. ಲಕ್ಷಾಂತರ ಜನ ಮನೆಮಠ ಬಿಟ್ಟು ಹೋಗಬೇಕಾಯಿತು.

ಇನ್ನು ಮರುಭೂಮಿಯ ವಿಷಯ. ಕನ್ನಡನಾಡಿನ ವಿದ್ಯಾರ್ಥಿಗಳಿಗೆ ಒಣ ಸೀಮೆ ಎಂದೊಡನೆ ಮಳೆನೆರಳು ನೆನಪಾಗುತ್ತದೆ. ಆಗುಂಬೆಯಲ್ಲಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟ ದಾಟಿ ಚಳ್ಳಕೆರೆಗೆ ಬಂದರೆ 500 ಮಿ.ಮೀ. ಮುಟ್ಟುವುದೂ ಕಷ್ಟ. ಮೋಡವನ್ನು ಬೆಟ್ಟ ತಡೆಯಿತು, ಆಚೆಗೆ ಒಣಗಿತು. ಇದು ನಮಗೆ ಕಣ್ಣೆದುರಿನ ಸತ್ಯ. ಆದರೆ ಥಾರ್ ಮರುಭೂಮಿಗೆ ಈ ಲೆಕ್ಕ ಹೊಂದುವುದಿಲ್ಲ. ಅರಬ್ಬಿ ಸಮುದ್ರಕ್ಕೂ ಜೈಸಲ್ಮೇರಿಗೂ ನಡುವೆ ಹೇಳಿಕೊಳ್ಳುವಂಥ ಬೆಟ್ಟವೇ ಇಲ್ಲ. ಅರಾವಳಿ ಸಾಲು ನೈರುತ್ಯದಿಂದ ಈಶಾನ್ಯಕ್ಕೆ, ಅಂದರೆ ಗಾಳಿ ಬೀಸುವ ದಿಕ್ಕಿನಲ್ಲೇ ಮಲಗಿದೆ, ಆದ್ದರಿಂದ ಮೋಡವನ್ನು ತಡೆಯುವುದಿಲ್ಲ ಎಂದು ಪಾಠಗಳು ಹೇಳುತ್ತವೆ. ಅದು ನಿಜ, ಆದರೆ ಅರ್ಧ ಉತ್ತರ. ಬೆಟ್ಟವೇ ಇಲ್ಲದ ಗಂಗಾ ಬಯಲಿನ ನಡುವೆ ಮಳೆ ಬರುವುದಿಲ್ಲವೆ?

ಉಳಿದರ್ಧ ಉತ್ತರ ಆಕಾಶದಲ್ಲಿದೆ. ಸಮಭಾಜಕದ ಬಳಿ ಕಾದು ಮೇಲೇರಿದ ಗಾಳಿ ಅಲ್ಲೇ ಮಳೆ ಸುರಿಸಿ, ಒಣಗಿ, ಉತ್ತರ ದಕ್ಷಿಣಗಳಿಗೆ ಸಾಗಿ, 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಗಾಳಿಯ ಈ ಚಕ್ರಕ್ಕೆ, 1735ರಲ್ಲಿ ವಾಣಿಜ್ಯ ಮಾರುತಗಳನ್ನು ವಿವರಿಸಲು ಹೊರಟ ಇಂಗ್ಲೆಂಡಿನ ಜಾರ್ಜ್ ಹ್ಯಾಡ್ಲಿಯ ಹೆಸರೇ ನಿಂತಿದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಸಹಾರಾ, ಅರೇಬಿಯಾ, ಥಾರ್ ಒಂದೇ ಪಟ್ಟಿಯಲ್ಲಿ ಬರುವುದಕ್ಕೆ ಇದು ಮುಖ್ಯ ಕಾರಣ. 1996ರಲ್ಲಿ ಬ್ರಿಟನ್ನಿನ ಮಾರ್ಕ್ ರಾಡ್‌ವೆಲ್ ಮತ್ತು ಬ್ರಿಯಾನ್ ಹಾಸ್ಕಿನ್ಸ್ ಇದಕ್ಕೆ ಇನ್ನೊಂದು ಕೊಂಡಿ ಸೇರಿಸಿದರು. ಬಂಗಾಳ ಕೊಲ್ಲಿಯ ಸುತ್ತ ಮುಂಗಾರು ಮಳೆ ಸುರಿಯುವಾಗ ಬಿಡುಗಡೆಯಾಗುವ ಅಗಾಧ ಶಾಖವೇ, ಪಶ್ಚಿಮದಲ್ಲಿ ಇರಾನಿನಿಂದ ಪೂರ್ವ ಸಹಾರಾದವರೆಗೆ ಗಾಳಿಯನ್ನು ಕೆಳಗೆ ಒತ್ತುತ್ತದೆ ಎಂದು ಅವರು ತೋರಿಸಿದರು. ಥಾರ್ ಈ ಒಣ ಸೀಮೆಯ ಪೂರ್ವದ ಅಂಚು. ಅಂದರೆ ಪೂರ್ವದ ಮಳೆ ಮತ್ತು ಪಶ್ಚಿಮದ ಬರ ಒಂದೇ ಯಂತ್ರದ ಎರಡು ಚಕ್ರಗಳು! ಜುಲೈ ತಿಂಗಳಲ್ಲಿ ಜೈಸಲ್ಮೇರಿನ ನೆಲಮಟ್ಟದ ಗಾಳಿಯಲ್ಲಿ ತೇವಾಂಶ ಇದ್ದೇ ಇರುತ್ತದೆ. ಆದರೆ ಅದರ ಮೇಲೆ ಪಶ್ಚಿಮದಿಂದ ಬಂದ ಬಿಸಿ ಒಣ ಗಾಳಿ ಪಾತ್ರೆಯ ಮುಚ್ಚಳದಂತೆ ಕುಳಿತಿರುತ್ತದೆ. ಮೋಡ ಮೇಲೇಳಲಾರದು.

ಹಾಗಾದರೆ ಮರಳು ಎಲ್ಲಿಯದು? ಅದರ ಬಹುಪಾಲು ಸಿಂಧೂ ನದಿ ಮತ್ತು ಅದರ ಉಪನದಿಗಳು ಪರ್ವತದಿಂದ ತಂದದ್ದೇ. ಮಳೆ ಇರುವ ಕಡೆ ಹುಲ್ಲು, ಮರ, ಪೈರಿನ ಬೇರುಗಳು ಮೆಕ್ಕಲನ್ನು ಹಿಡಿದು ನಿಲ್ಲಿಸಿದವು. ಮಳೆ ಇಲ್ಲದ ಕಡೆ ಅದೇ ಮೆಕ್ಕಲನ್ನು ನೈರುತ್ಯದ ಬಿರುಗಾಳಿ ಜರಡಿ ಹಿಡಿದು, ನಯವಾದ ಧೂಳನ್ನು ದೂರಕ್ಕೆ ಹಾರಿಸಿ, ಮರಳನ್ನು ದಿಬ್ಬವಾಗಿ ಒಟ್ಟಿತು.

ಸಿನಿಮಾದವರಿಗೂ ನಮ್ಮ ದೂರದರ್ಶನದವರಿಗೂ ಈ ದಿಬ್ಬಗಳೆಂದರೆ ಬಹಳ ಪ್ರೀತಿ. ಸಂಜೆ ಬೆಳಕು, ಒಂಟೆಗಳ ಸಾಲು, ಅಷ್ಟಾದರೆ ಮರುಭೂಮಿ ಮುಗಿಯಿತು. ಆದರೆ ಥಾರ್ ಪ್ರಪಂಚದ ಅತ್ಯಂತ ಜನನಿಬಿಡ ಮರುಭೂಮಿಗಳಲ್ಲಿ ಒಂದು. ಅಲ್ಲಿ ಬಂಡೆಯ ನೆಲವಿದೆ, ಉಪ್ಪಿನ ಕೆರೆಗಳಿವೆ, ಹುಲ್ಲುಗಾವಲಿದೆ, ಹಳ್ಳಿಗಳಿವೆ, ಲೆಕ್ಕವಿಲ್ಲದಷ್ಟು ದನ ಕುರಿ ಮೇಕೆಗಳಿವೆ. ಅಪವಾದ ಹುಟ್ಟಿದ್ದು ಇಲ್ಲಿಂದಲೇ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ರಾಜಸ್ಥಾನದ ಮರಳು ದೆಹಲಿಯ ಕಡೆಗೆ ಹಬ್ಬುತ್ತಿದೆ ಎಂಬ ಭಯ ವಿದ್ವಾಂಸರನ್ನೂ ಆಡಳಿತಗಾರರನ್ನೂ ಕಾಡಿತ್ತು. 1952ರಲ್ಲಿ ವಿಜ್ಞಾನಿಗಳು ಇದಕ್ಕಾಗಿಯೇ ಒಂದು ವಿಚಾರ ಸಂಕಿರಣ ನಡೆಸಿದರು. ಅದೇ ವರ್ಷ ಜೋಧ್‌ಪುರದಲ್ಲಿ ಮರುಭೂಮಿಯಲ್ಲಿ ಗಿಡ ಬೆಳೆಸುವ ಸಂಶೋಧನಾ ಕೇಂದ್ರ ಆರಂಭವಾಯಿತು; 1959ರಲ್ಲಿ ಅದು ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆಯಾಯಿತು. 1967ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ರೀಡ್ ಬ್ರೈಸನ್, ಡೇವಿಡ್ ಬೇರೈಸ್ ಅವರೊಡನೆ ಒಂದು ವಾದ ಮುಂದಿಟ್ಟರು. ಅತಿಯಾಗಿ ದನ ಮೇಯಿಸಿದ್ದರಿಂದ ನೆಲ ಬೋಳಾಯಿತು; ಎದ್ದ ಧೂಳು ಆಕಾಶದಲ್ಲಿ ನಿಂತು ಮೇಲಿನ ಗಾಳಿ ತಂಪಾಗಿ ಇಳಿಯುವಂತೆ ಮಾಡಿತು; ಇಳಿದ ಗಾಳಿ ಮಳೆಯನ್ನು ತಡೆಯಿತು. ಹುಲ್ಲು ಬೆಳೆಸಿದರೆ ಮಳೆಯೂ ಮರಳಬಹುದು ಎಂಬ ಆಸೆ ಅದರಲ್ಲಿತ್ತು. ವಾದ ಜಾಣತನದ್ದು. ಆದರೆ ಅದನ್ನು ಒಪ್ಪಿದರೆ, ಮರುಭೂಮಿಯನ್ನು ಮಾಡಿದವನು ಮೇಕೆ ಕಾಯುವವನೇ ಎಂದು ಒಪ್ಪಿದಂತಾಯಿತು.

ಇದನ್ನು ಪರೀಕ್ಷಿಸುವುದು ಹೇಗೆ? ಸಾಕ್ಷಿ ಹೇಳಿದ್ದು ಕೆರೆಯ ಕೆಸರು. ರಾಜಸ್ಥಾನದ ಸಾಂಭರ್, ಡೀಡ್ವಾನಾ, ಲೂಣ್‌ಕರಣ್‌ಸರ್ ಉಪ್ಪುಕೆರೆಗಳ ತಳದಲ್ಲಿ ವರ್ಷ ವರ್ಷವೂ ಕೆಸರು ಪದರ ಪದರವಾಗಿ ಕೂತಿದೆ. ಸುತ್ತಲಿನ ಗಿಡಗಳ ಪರಾಗ ಆ ಪದರಗಳಲ್ಲಿ ಹೂತುಹೋಗಿ, ಸಾವಿರಾರು ವರ್ಷ ಕೊಳೆಯದೆ ಉಳಿಯುತ್ತದೆ. ಪರಾಗದ ಒಂದೊಂದು ಕಣವೂ ತನ್ನ ಗಿಡದ ಗುರುತನ್ನು ಹೇಳುತ್ತದೆ. ಗುರುದೀಪ್ ಸಿಂಗ್ ಎಂಬ ಸಸ್ಯವಿಜ್ಞಾನಿ ಈ ಕೆಸರನ್ನು ಕೊಳವೆಗಳಲ್ಲಿ ತೆಗೆದು ಓದಿ, 1971ರಲ್ಲಿ ತಮ್ಮ ತೀರ್ಮಾನ ಪ್ರಕಟಿಸಿದರು. ಒಂದು ಕಾಲಕ್ಕೆ ಈ ಕೆರೆಗಳಲ್ಲಿ ಸಿಹಿನೀರು ತುಂಬಿತ್ತು, ಸುತ್ತ ಈಗಿಗಿಂತ ಹೆಚ್ಚು ಮಳೆಯಿತ್ತು, ಆಮೇಲೆ ಒಣಗಿತು ಎಂದು ಅವರು ತೋರಿಸಿದರು. ಹರಪ್ಪ ನಾಗರಿಕತೆಯ ಏಳುಬೀಳನ್ನೂ ಇದೇ ಮಳೆಯ ಏರಿಳಿತಕ್ಕೆ ಜೋಡಿಸಿದರು.

ಮರಳಿನ ಕಣವೂ ಬಾಯಿ ಬಿಟ್ಟಿತು. ಬಿಸಿಲು ಕಾಣದೆ ಹೂತುಹೋದ ಸ್ಫಟಿಕದ ಕಣ ಸುತ್ತಲಿನ ಸಹಜ ವಿಕಿರಣದಿಂದ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಬೆಳಕಾಗಿ ಹೊರಡಿಸಿ ಅಳೆದರೆ ಎಷ್ಟು ಕಾಲದಿಂದ ಹೂತಿತ್ತೆಂದು ತಿಳಿಯುತ್ತದೆ. ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾ ಪ್ರಯೋಗಾಲಯದ ಅಶೋಕ್ ಸಿಂಘ್ವಿ ಮತ್ತು ಸಂಗಡಿಗರು ಥಾರ್ ದಿಬ್ಬಗಳ ವಯಸ್ಸನ್ನು ಹೀಗೆ ಎಣಿಸಿದರು. ಡೀಡ್ವಾನಾ ಬಳಿಯ ದಿಬ್ಬವೊಂದರ ತಳಭಾಗ ಒಂದೂವರೆ ಲಕ್ಷ ವರ್ಷಕ್ಕೂ ಹಳೆಯದು. ಆಗ ಯಾವ ಮೇಕೆ, ಯಾವ ಕುರುಬ! ಇನ್ನೊಂದು ವಿಚಿತ್ರವೂ ಹೊರಬಿತ್ತು. ಹಿಮಯುಗದ ಕಡುಚಳಿಯ ಕಾಲದಲ್ಲಿ ದಿಬ್ಬಗಳು ಹೆಚ್ಚು ಬೆಳೆಯಲಿಲ್ಲ; ಬೆಳೆದದ್ದು ಅದು ಮುಗಿಯುತ್ತ ಬಂದಾಗ, ಸುಮಾರು 17,000ದಿಂದ 14,000 ವರ್ಷಗಳ ಹಿಂದೆ. ಬರಿಯ ಬರದಿಂದ ದಿಬ್ಬವಾಗದು, ಅದಕ್ಕೆ ಗಾಳಿ ಬೇಕು. ಮುಂಗಾರಿನ ಗಾಳಿ ಮೊದಲು ಮರಳಿತು, ಮಳೆ ನಂತರ ಬಂತು. ಆ ನಡುವಿನ ಅವಧಿಯೇ ಮರಳಿನ ಸುಗ್ಗಿ. ಮಳೆ ಹೆಚ್ಚಿದ ಮೇಲೆ ಹಸಿರು ಕಟ್ಟಿ ನಿಂತುಹೋದ ಅಂಥ ಹಳೆಯ ದಿಬ್ಬಗಳ ಮೇಲೆ ಇಂದು ಉತ್ತರ ಗುಜರಾತಿನಲ್ಲಿ ಬೆಳೆ ತೆಗೆಯುತ್ತಾರೆ.

ಹಾಗೆಂದು ಮನುಷ್ಯ ಪೂರ್ತಿ ನಿರ್ದೋಷಿಯೆಂದಲ್ಲ. ನಿಂತ ದಿಬ್ಬದ ಹುಲ್ಲನ್ನು ಬೋಳಿಸಿದರೆ, ಟ್ರ್ಯಾಕ್ಟರಿನಿಂದ ಆಳವಾಗಿ ಉತ್ತರೆ, ಮರಳು ಮತ್ತೆ ಏಳುತ್ತದೆ. ಆದರೆ ಮರಳನ್ನು ಎಬ್ಬಿಸುವುದು ಬೇರೆ, ಮರುಭೂಮಿಯನ್ನು ಹುಟ್ಟಿಸುವುದು ಬೇರೆ.

ಗುರುದೀಪ್ ಸಿಂಗ್ ಅವರ ಎರಡನೆಯ ಮಾತು, ಹರಪ್ಪದ ಮಾತು, ಅಷ್ಟು ಸಲೀಸಾಗಿ ನಿಲ್ಲಲಿಲ್ಲ. 1999ರಲ್ಲಿ ಯಹೂದಾ ಎನ್ಜೆಲ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಲೂಣ್‌ಕರಣ್‌ಸರ್ ಕೆಸರಿನ ಕಾಲವನ್ನು ಇನ್ನೂ ನಿಖರವಾಗಿ ಎಣಿಸಿದರು. ಕೆರೆ ಬತ್ತಿದ್ದು ಸುಮಾರು 5,500 ವರ್ಷಗಳ ಹಿಂದೆ. ಹರಪ್ಪದ ನಗರಗಳ ಉಚ್ಛ್ರಾಯ ಕಾಲವೋ ಕ್ರಿ.ಪೂ. 2600ರಿಂದ 1900. ಅಂದರೆ ಸುತ್ತಲಿನ ಕೆರೆ ಬತ್ತಿದ ಎಷ್ಟೋ ಶತಮಾನಗಳ ನಂತರ ನಗರಗಳು ಮೆರೆದಿದ್ದವು! ಅವುಗಳಲ್ಲಿ ಹಲವು ಘಗ್ಗರ್–ಹಾಕ್ರಾ ಎಂಬ ಒಣ ನದೀಪಾತ್ರದ ದಂಡೆಯಲ್ಲಿವೆ. ಆರೆಲ್ ಸ್ಟೈನ್ 1940–41ರಲ್ಲಿ ಈ ಪಾತ್ರದ ಗುಂಟ ಸುತ್ತಿ ಹಳೆಯ ನೆಲೆಗಳನ್ನು ಗುರುತಿಸಿದ್ದರು. 1960ರ ದಶಕದಲ್ಲಿ ಕಾಲಿಬಂಗನ್‌ನಲ್ಲಿ ಬಿ.ಬಿ. ಲಾಲ್ ಮತ್ತು ಬಿ.ಕೆ. ಥಾಪರ್ ಅವರ ಉತ್ಖನನದಲ್ಲಿ, ನಗರಕ್ಕೂ ಹಿಂದಿನ ಕಾಲದ ಉತ್ತ ಹೊಲವೊಂದು ನೇಗಿಲ ಸಾಲುಗಳ ಸಮೇತ ಸಿಕ್ಕಿತು. ಹಿಮಾಲಯದ ದೊಡ್ಡ ನದಿಯೊಂದು ಇಲ್ಲಿ ಹರಿಯುತ್ತಿತ್ತು, ಅದು ದಾರಿ ಬದಲಿಸಿದ್ದರಿಂದ ನಗರಗಳು ಹಾಳಾದವು ಎಂಬ ನಂಬಿಕೆ ಬಹುಕಾಲ ಬಲವಾಗಿತ್ತು. 2017ರಲ್ಲಿ ಲಂಡನ್ನಿನ ಸಂಜೀವ್ ಗುಪ್ತಾ, ಕಾನ್ಪುರದ ರಾಜೀವ್ ಸಿನ್ಹಾ ಮತ್ತಿತರರು ಆ ಪಾತ್ರದಲ್ಲಿ ಕೊಳವೆ ಇಳಿಸಿ ಮರಳನ್ನು ಪರೀಕ್ಷಿಸಿದರು. ಸಟ್ಲೆಜ್ ಇಲ್ಲಿ ಹರಿಯುತ್ತಿದ್ದುದು ನಿಜ. ಆದರೆ ಅದು 8,000 ವರ್ಷಗಳ ಹಿಂದೆಯೇ ಈ ದಾರಿಯನ್ನು ಬಿಟ್ಟಾಗಿತ್ತು. ಊರುಗಳು ಎದ್ದದ್ದು ನದಿ ಬಿಟ್ಟುಹೋದ ಕಣಿವೆಯಲ್ಲಿ. ಕೋಸಿಯ ಕಥೆ ನೆನಪಿಸಿಕೊಳ್ಳಿ. ಉಕ್ಕುವ ಮಹಾನದಿಗಿಂತ, ಅದು ಬಿಟ್ಟ ತಗ್ಗಿನಲ್ಲಿ ಮಳೆಗಾಲಕ್ಕೆ ಹರಿಯುವ ಸಣ್ಣ ಹೊಳೆ ಬೇಸಾಯಗಾರನಿಗೆ ಹಿತ.

ಆ ಸಣ್ಣ ಹೊಳೆಗೆ ಜೀವ ಮುಂಗಾರು. ಹರಿಯಾಣದ ಕೋಟ್ಲಾ ದಹರ್ ಎಂಬ ಹಳೆಯ ಕೆರೆಯ ಬಸವನಹುಳುವಿನ ಚಿಪ್ಪುಗಳನ್ನು ಪರೀಕ್ಷಿಸಿದವರು, ಸುಮಾರು 4,100 ವರ್ಷಗಳ ಹಿಂದೆ ಮಳೆ ಹಠಾತ್ತಾಗಿ ಕುಗ್ಗಿತೆಂದು 2014ರಲ್ಲಿ ತಿಳಿಸಿದರು. ಹೆಚ್ಚುಕಡಿಮೆ ಅದೇ ಕಾಲದ ಬರದ ಗುರುತು ದೇಶದ ಅತಿ ಹೆಚ್ಚು ಮಳೆಯ ನಾಡಿನಲ್ಲೇ, ಮೇಘಾಲಯದ ಮಾಮ್ಲೂ ಗುಹೆಯ ಸುಣ್ಣದ ಕಂಬದಲ್ಲಿ ಸಿಕ್ಕಿದೆ. 2018ರಲ್ಲಿ ಭೂವಿಜ್ಞಾನಿಗಳು 4,200 ವರ್ಷಗಳಿಂದ ಈಚಿನ ಕಾಲಕ್ಕೆ ‘ಮೇಘಾಲಯ ಯುಗ’ ಎಂದೇ ಹೆಸರಿಟ್ಟರು. ಹರಪ್ಪದ ಜನ ಒಮ್ಮೆಗೇ ನಾಶವಾಗಲಿಲ್ಲ. ದೊಡ್ಡ ನಗರಗಳು ಬರಿದಾದವು. ಪೂರ್ವದಲ್ಲಿ, ಗಂಗಾ–ಯಮುನೆಯರ ಬಯಲಿನ ಕಡೆ, ಸಣ್ಣ ಹಳ್ಳಿಗಳು ಹೆಚ್ಚಿದವು.

ಸಟ್ಲೆಜ್ ಬಿಟ್ಟುಹೋದ ಸೀಮೆಗೆ ಅದರ ನೀರು ಮತ್ತೆ ಬಂದದ್ದು ನಮ್ಮ ಕಾಲದಲ್ಲಿ, ಕಾಲುವೆಯ ಮೂಲಕ. 1958ರಲ್ಲಿ ಕೆಲಸ ಆರಂಭವಾದ ರಾಜಸ್ಥಾನ ಕಾಲುವೆ, ಮುಂದೆ ಇಂದಿರಾ ಗಾಂಧಿ ಕಾಲುವೆ, ಸಟ್ಲೆಜ್ ಮತ್ತು ಬಿಯಾಸ್ ಕೂಡುವ ಹರಿಕೆಯಿಂದ ಹೊರಟು ಜೈಸಲ್ಮೇರಿನವರೆಗೆ ಬರುತ್ತದೆ. ಗೋಧಿ, ಹತ್ತಿ, ಸಾಸಿವೆ ಬೆಳೆದವು. ಹಾಗೆಯೇ ಕೆಲವೆಡೆ ಹೊಲಗಳಲ್ಲಿ ನೀರು ನಿಂತು ಚೌಳು ಹತ್ತಿತು. ಮರಳಿನಲ್ಲಿ ನೀರು ನಿಲ್ಲುವುದೆಂದರೇನು? ಕಾರಣ ಮರಳಿನ ಕೆಳಗಿತ್ತು: ಜಿಪ್ಸಮ್ಮಿನ ಗಟ್ಟಿ ಪದರ. ನೀರು ಆವಿಯಾಗಿ ಹೋಗುವಾಗ ಬಿಟ್ಟ ಉಪ್ಪು ಅದು, ಹಳೆಯ ಹವಾಗುಣ ನೆಲದೊಳಗೆ ಬರೆದಿಟ್ಟ ದಾಖಲೆ. 2006ರ ಆಗಸ್ಟ್‌ನಲ್ಲಿ ಬಾರ್ಮೇರ್ ಜಿಲ್ಲೆಯ ಮೇಲೆ ವರ್ಷದ ಮಳೆಗಿಂತ ಹೆಚ್ಚು ಮಳೆ ಕೆಲವೇ ದಿನಗಳಲ್ಲಿ ಸುರಿದಾಗ, ಕವಾಸ್ ಎಂಬ ಹಳ್ಳಿ ಮುಳುಗಿತು. ಅಲ್ಲಿಯೂ ಕೆಳಗೆ ಜಿಪ್ಸಮ್ ಇದ್ದುದರಿಂದ ನೀರು ಇಂಗದೆ ಬಹುದಿನ ಕೆರೆಯಂತೆ ನಿಂತಿತು.

ವಾಯವ್ಯ ಭಾರತದ ಒಣ ಸೀಮೆಯಲ್ಲಿ ಕಳೆದ ಶತಮಾನದಿಂದ ಮಳೆ ಹೆಚ್ಚುತ್ತಿದೆ, ಭೂಮಿ ಬಿಸಿಯಾದಂತೆ ಇನ್ನೂ ಹೆಚ್ಚಬಹುದು ಎಂದು 2023ರಲ್ಲಿ ಪಿ.ವಿ. ರಾಜೇಶ್ ಮತ್ತು ಬಿ.ಎನ್. ಗೋಸ್ವಾಮಿ ಲೆಕ್ಕಹಾಕಿದ್ದಾರೆ. ಅದೇ ವರ್ಷದ ಜೂನ್‌ನಲ್ಲಿ ಅರಬ್ಬಿ ಸಮುದ್ರದಿಂದ ಬಂದ ಬಿಪರ್ಜಾಯ್ ಚಂಡಮಾರುತ ಕಛ್ ದಾಟಿ ರಾಜಸ್ಥಾನಕ್ಕೆ ನುಗ್ಗಿತು. ಮುಂಗಾರು ಕಾಲಿಡುವ ಮೊದಲೇ ಬಾರ್ಮೇರ್, ಜಾಲೋರ್ ಜಿಲ್ಲೆಗಳಲ್ಲಿ ಮರಳು ಹಾಸಿದ ಹಳ್ಳಗಳು ದಂಡೆ ಮೀರಿ ಹರಿದವು.