ಹೆಬ್ಬೆಟ್ಟಿನ ವಿದ್ಯೆ

ತೊಂಬತ್ತರ ದಶಕದ ಕೊನೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ಬಸ್ಸು ಮಸ್ಕಿಯಲ್ಲಿ ನಿಂತಿದೆ. ಕಿಟಕಿ ಪಕ್ಕದ ಹುಡುಗನ ಕೈಯಲ್ಲಿ ಜಾತ್ರೆಯಲ್ಲಿ ಕೊಡಿಸಿದ ಬ್ರಿಕ್ ಗೇಮ್, ಮೇಲಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಅಂಗೈ ಯಂತ್ರ. ಹಿಂದಿನ ಸೀಟಿನವನೊಬ್ಬ, ಗುರುತು ಪರಿಚಯ ಏನೂ ಇಲ್ಲದವ, ಕುತ್ತಿಗೆ ಚಾಚಿ ಕೂಗುತ್ತಾನೆ: “ಉದ್ದಂದು ಬರಾಕತ್ತೈತಿ, ತಿರುಗ್ಸಲೇ! ದೊಡ್ಡ ಬಟನ್ ಒತ್ತು!” ನಮ್ಮ ಸೀಮೆ ಕೈಯಾಟದ ಯಂತ್ರಗಳನ್ನು ಕಲಿತ ಬಗೆ ಹೇಳಬೇಕೆಂದರೆ ನನಗೆ ಮೊದಲು ಕೇಳಿಸುವುದು ಈ ಕೂಗೇ.

ಡಬ್ಬಿಯೊಳಗೆ ಮಡಚಿಟ್ಟ ಒಂದು ಚೀಟಿ ಇರುತ್ತಿತ್ತು, ಸಾಸಿವೆ ಕಾಳಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ. ಅದನ್ನು ಓದಿದವರನ್ನು ನಾನು ಕಂಡಿಲ್ಲ. ಪಕ್ಕದವನ ಹೆಬ್ಬೆಟ್ಟು ನೋಡಿ ಕಲಿಯುವುದೇ ರೂಢಿ. ಸಹಿ ಬಾರದವರನ್ನು ಹೆಬ್ಬೆಟ್ಟು ಎಂದು ಹಂಗಿಸುವ ನಾಡಿನಲ್ಲಿ ಒಂದು ವಿದ್ಯೆ ಹೆಬ್ಬೆಟ್ಟಿನಿಂದಲೇ ಹಬ್ಬಿತು.

ಬಟನ್‌ಗಳ ಮೂಲ ಜಪಾನಿನಲ್ಲಿದೆ. ನಿಂಟೆಂಡೊ ಕಂಪನಿಯ ಗುನ್‌ಪೇ ಯೊಕೊಯಿ 1980ರಲ್ಲಿ ತಂದ ‘ಗೇಮ್ ಅಂಡ್ ವಾಚ್’ ಸಾಲಿನ ಮೊದಲ ಆಟದಲ್ಲಿ ಆಡಲು ಇದ್ದದ್ದು ಎರಡೇ ಬಟನ್, ಎಡಕ್ಕೊಂದು, ಬಲಕ್ಕೊಂದು. ಕಲಿಯುವುದೇನೂ ಇರಲಿಲ್ಲ. 1982ರಲ್ಲಿ ‘ಡಾಂಕಿ ಕಾಂಗ್’ ಅಂಗೈ ಯಂತ್ರಕ್ಕೆ ಬಂದಾಗ ನಡೆಯುವುದರ ಜೊತೆಗೆ ಏಣಿ ಹತ್ತುವುದು, ಇಳಿಯುವುದೂ ಸೇರಿತು. ಆಗ ಯೊಕೊಯಿ ಕೂಡಿಸುವ ಚಿಹ್ನೆಯ ಆಕಾರದ ಒಂದೇ ಬಟನ್ ಕೂರಿಸಿದರು. ಅದರ ಮೇಲೆ ಹೆಬ್ಬೆಟ್ಟು ಎತ್ತದೆ, ಕೆಳಗೆ ನೋಡದೆ ನಾಲ್ಕೂ ದಿಕ್ಕಿಗೆ ಹೊರಳಿಸಬಹುದು. 1989ರ ‘ಗೇಮ್ ಬಾಯ್’ನಲ್ಲಿ ಇದು ಎಡಕ್ಕೆ ಕೂತಿತು, ಬಲಕ್ಕೆ ಎ ಮತ್ತು ಬಿ. ದಾರಿ ಎಡಗೈಗೆ, ಕೆಲಸ ಬಲಗೈಗೆ. ಈ ಪಾಲುಪಟ್ಟಿಯನ್ನು ಆಮೇಲೆ ಬಂದವರು ಹೆಚ್ಚೇನೂ ಕದಲಿಸಲಿಲ್ಲ.

ಗೇಮ್ ಬಾಯನ್ನು ನಮ್ಮ ಕಡೆ ನಾನು ನೋಡಲಿಲ್ಲ. ನಮಗೆ ಸಿಕ್ಕಿದ್ದು ಚೀನಾದ ಬ್ರಿಕ್ ಗೇಮ್. ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆ, ಮಸ್ಕಿ ಮಲ್ಲಿಕಾರ್ಜುನನ ಜಾತ್ರೆ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ: ಆಟಿಗೆ ಸಾಮಾನಿನ ಸಾಲಿನಲ್ಲಿ ಪೀಪಿ, ಬಲೂನು, ನೀರೊಳಗೆ ರಿಂಗು ಹಾರಿಸುವ ಡಬ್ಬಿಗಳ ನಡುವೆ ಇದೂ ತೂಗಾಡುತ್ತಿತ್ತು. ಮೈಮೇಲೆ 9999 ಆಟ ಎಂದು ಬರೆದಿರುತ್ತಿತ್ತು. ಇರುತ್ತಿದ್ದದ್ದು ಕೈಬೆರಳೆಣಿಕೆಯಷ್ಟು ಆಟ. ವೇಗ, ಹಂತ ಬದಲಾದಾಗಲೆಲ್ಲ ಹೊಸ ಆಟವೆಂದು ಲೆಕ್ಕ ಹಿಡಿದಿದ್ದರು. ಮೋಸವೇ, ಆದರೆ ನಮಗ್ಯಾರಿಗೂ ಹಾಗೆ ಅನ್ನಿಸಲಿಲ್ಲ.

ಅಡ್ಡ ಹತ್ತು, ಉದ್ದ ಇಪ್ಪತ್ತು ಚೌಕದ ಪರದೆ. ಎಡಕ್ಕೆ ನಾಲ್ಕು ದಿಕ್ಕಿನ ಬಟನ್, ಬಲಕ್ಕೆ ದೊಡ್ಡದೊಂದು. ನಡುವೆ ಆನ್, ಸ್ಟಾರ್ಟ್, ರೀಸೆಟ್, ಸೌಂಡ್ ಎಂಬ ಸಣ್ಣವು. ತೊಡಕು ಇದ್ದದ್ದು ದೊಡ್ಡ ಬಟನ್‌ನಲ್ಲಿ. ಇಟ್ಟಿಗೆ ಆಟದಲ್ಲಿ ಅದು ಇಟ್ಟಿಗೆ ತಿರುಗಿಸುತ್ತಿತ್ತು, ಕಾರಿನ ಆಟದಲ್ಲಿ ಒತ್ತಿ ಹಿಡಿದರೆ ವೇಗ ಏರುತ್ತಿತ್ತು, ಟ್ಯಾಂಕಿನ ಆಟದಲ್ಲಿ ಗುಂಡು ಹಾರುತ್ತಿತ್ತು. ಬಟನ್‌ಗೆ ತನ್ನದೇ ಅರ್ಥವಿಲ್ಲ, ಆಟ ಕೊಟ್ಟದ್ದೇ ಅರ್ಥ ಎಂಬುದು ಅಲ್ಲಿ ತಲೆಗೆ ಹತ್ತಬೇಕಿತ್ತು. ನನಗೆ ತಡವಾಗಿ ಹತ್ತಿತು. ಕಾರನ್ನು ತಿರುಗಿಸಲು ಹೋಗಿ ಎದುರಿನದಕ್ಕೆ ಗುದ್ದಿಸುತ್ತಿದ್ದೆ. ಹಿರಿಯ ಹುಡುಗನೊಬ್ಬ ನನ್ನ ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿಸಿದ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಮಗುವಿನ ಕೈ ಹಿಡಿದು ತೀಡಿಸುತ್ತಾರಲ್ಲ, ಹಾಗೆ.

ಸ್ಟಾರ್ಟ್, ರೀಸೆಟ್ ಎಂದು ಓದಲು ಬಾರದವರಿಗೂ ಆಟ ಬರುತ್ತಿತ್ತು. “ಮ್ಯಾಲಿಂದು ಒತ್ತಬ್ಯಾಡ, ಎಲ್ಲಾ ಹೋಗ್ತದ” ಎಂದರೆ ರೀಸೆಟ್. ಸದ್ದಿನ ಬಟನ್ನಂತೂ ಎಲ್ಲರೂ ಬೇಗ ಕಲಿತರು. ಮಧ್ಯಾಹ್ನ ಅಪ್ಪ ಮಲಗಿರುವಾಗ ಅದು ಗೊತ್ತಿರದಿದ್ದರೆ ಬೆನ್ನಿಗೆ ಗುದ್ದು ಖಾತ್ರಿ. ಸೆಲ್ ಇಳಿದರೆ ತೆಗೆದು ಬಿಸಿಲಿಗಿಟ್ಟು, ಅದಲುಬದಲು ಮಾಡಿ ಹಾಕಿ, ಇನ್ನೊಂದರ್ಧ ಗಂಟೆ ಆಡುವುದೂ ಈ ವಿದ್ಯೆಯದೇ ಭಾಗ.

ಅದೇ ಹೊತ್ತಿಗೆ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಆಟಗಳೂ ಬಂದವು, ಗಂಟೆಗಿಷ್ಟೆಂದು ಆಡಿಸುವ ಅಂಗಡಿಗಳೂ. ಅವು ಕಲಿಸಿದ ಕಸರತ್ತು ಒಂದೇ, ಆದರೆ ದೊಡ್ಡದು. ಆಟದ ನಾಯಕ ಮಾರಿಯೋ ಓಡಲು ಬಿ ಹಿಡಿದಿರಬೇಕು, ಹಾರಲು ಎ ಒತ್ತಬೇಕು. ಹೆಬ್ಬೆಟ್ಟು ಒಂದೇ. ತುದಿಯಿಂದ ಬಿ ಒತ್ತಿಟ್ಟುಕೊಂಡೇ ಬುಡವನ್ನು ಎ ಕಡೆಗೆ ಹೊರಳಿಸಬೇಕು. ರೊಟ್ಟಿ ಬಡಿಯುವ ಅಂಗೈಯಂತೆ, ಹೇಳಿ ಕೊಟ್ಟರೆ ಬರುವಂಥದ್ದಲ್ಲ.

ನಂತರ ಫೋನು. ನೋಕಿಯಾ 1997ರಲ್ಲಿ 6110 ಫೋನಿಗೆ ಹಾವಿನ ಆಟ ಹಾಕಿತು. ನಮ್ಮೂರುಗಳಿಗೆ ಅದು ಮುಟ್ಟಿದ್ದು 2003ರಲ್ಲಿ ಬಂದ 1100ರ ಜೊತೆ. ಅದಕ್ಕೊಂದು ಟಾರ್ಚ್ ಇತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಪಾಳಿ ರಾತ್ರಿ ಬಂದರೆ ಅಪ್ಪಂದಿರು ಅದನ್ನೇ ಹಿಡಿದು ಭತ್ತದ ಗದ್ದೆಗೆ ಹೋಗುತ್ತಿದ್ದರು. ಮಕ್ಕಳ ಪಾಳಿ ಬೆಳಿಗ್ಗೆ. ಎರಡು ಮೇಲೆ, ಎಂಟು ಕೆಳಗೆ, ನಾಲ್ಕು ಎಡ, ಆರು ಬಲ. ಬ್ರಿಕ್ ಗೇಮ್ ಆಡಿದ ಕೈಗೆ ಇದು ನೀರು ಕುಡಿದಷ್ಟು ಸಲೀಸು. ಎಷ್ಟೋ ಅಪ್ಪಂದಿರು ಹಾವು ಆಡಲು ಮಕ್ಕಳಿಂದ ಕಲಿತರು. ಮೊದಲ ಬಾರಿಗೆ ಪಾಠ ಕೆಳಗಿನಿಂದ ಮೇಲಕ್ಕೆ ಹರಿಯಿತು.

ಕೈಯಿಂದ ಕೈಗೆ ಕಲಿಯುವ ಈ ಸರಪಳಿ ಕಡಿದದ್ದು ಗಾಜಿನ ಪರದೆಯಿಂದ ಎನ್ನುವುದು ನನ್ನ ಎಣಿಕೆ. 2016ರ ಸೆಪ್ಟೆಂಬರಿನಲ್ಲಿ ಅಗ್ಗದ ಇಂಟರ್ನೆಟ್ಟಿನ ಜಿಯೊ ಬಂತು, 2018ರಲ್ಲಿ ಗುಂಡು ಹಾರಿಸುವ ಆಟ ಪಬ್‌ಜಿ ಮೊಬೈಲ್. ಎಡಕ್ಕೆ ದಾರಿ, ಬಲಕ್ಕೆ ಗುಂಡು, ಹಳೆಯ ಪಾಲೇ. ಆದರೆ ಬಟನ್ ಬರೀ ಚಿತ್ರ, ಬೆರಳಿಗೆ ಅಂಚು ಸಿಗುವುದಿಲ್ಲ. ಮೇಲಾಗಿ ಅದನ್ನು ಬೇಕಾದಲ್ಲಿಗೆ ಎಳೆದಿಟ್ಟುಕೊಳ್ಳಬಹುದು. ಒಬ್ಬ ಎರಡು ಹೆಬ್ಬೆಟ್ಟಿನಲ್ಲಿ ಆಡಿದರೆ, ಇನ್ನೊಬ್ಬ ತೋರುಬೆರಳನ್ನೂ ಕೊಕ್ಕೆಯಂತೆ ಬಾಗಿಸಿ ನಾಲ್ಕು ಬೆರಳಲ್ಲಿ ಆಡುತ್ತಾನೆ. ಮತ್ತೊಬ್ಬ ಫೋನನ್ನೇ ವಾಲಿಸಿ ಗುರಿ ಹಿಡಿಯುತ್ತಾನೆ. ಪಕ್ಕದವನ ಫೋನು ಕೈಗೆ ಬಂದರೆ ಬಟನ್ ಎಲ್ಲಿದೆ ಎಂದೇ ತಿಳಿಯದು. ಗುರು ಈಗ ಯೂಟ್ಯೂಬಿನಲ್ಲಿ, ಬಹಳ ಸಲ ಹಿಂದಿಯಲ್ಲಿ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿಗೆ ನಿಷೇಧ ಬಿತ್ತು. 2021ರ ಜುಲೈನಲ್ಲಿ ಬಿಜಿಎಂಐ ಎಂದು ಹೆಸರು ಬದಲಿಸಿ ಬಂತು. ಹುಡುಗರ ಬೆರಳು ಏನನ್ನೂ ಮರೆತಿರಲಿಲ್ಲ.

ಈಗ ಅಂಗೈಯಗಲದ ಯಂತ್ರ ಮತ್ತೆ ಬಂದಿದೆ, 400 ಹಳೆಯ ಆಟ ತುಂಬಿಕೊಂಡು, ಆನ್‌ಲೈನ್ ಅಂಗಡಿಗಳಿಂದ. ಒಂದು ತರಿಸಿ ಅಕ್ಕನ ಮಗನ ಕೈಗಿಟ್ಟೆ. ಮೊದಲು ಪರದೆಯನ್ನೇ ಬೆರಳಿನಿಂದ ಉಜ್ಜಿದ. ಏನೂ ಆಗಲಿಲ್ಲ. ಯಂತ್ರವನ್ನೇ ಎಡಕ್ಕೆ ವಾಲಿಸಿದ. ಮಾರಿಯೋ ನಿಂತಲ್ಲೇ ನಿಂತಿದ್ದ. “ಮಾಮಾ, ಇದು ಹ್ಯಾಂಗ್ ಆಗೇತಿ” ಅಂದ.

ಅವನ ಹೆಬ್ಬೆಟ್ಟಿನ ಮೇಲೆ ನನ್ನದಿಟ್ಟು ಬಿ ಒತ್ತಿಸಿದೆ. “ಇದನ್ನ ಬಿಡಬ್ಯಾಡ, ಹಿಡ್ಕೊಂಡೇ ಇದ್ರ ಬುಡ ಈ ಕಡೆ ಹೊಳ್ಳಸು.” ಹೊರಳಿಸಿದ. ಮಾರಿಯೋ ಹಾರಿ ನೇರ ಗುಂಡಿಗೆ ಬಿದ್ದ.