ಎರಡು ಸಾಕ್ಸೊಫೋನು, ಒಂದು ಗಮಕ

ಹೊರನಾಡಿನ ವಾದ್ಯವೊಂದು ನಮ್ಮ ಸಂಗೀತದ ಬಾಗಿಲಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ: ಇದರಲ್ಲಿ ಗಮಕ ಹೊರಡುತ್ತದೆಯೆ? ಪಿಟೀಲು ಈ ಪರೀಕ್ಷೆಯಲ್ಲಿ ಗೆದ್ದಿತು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕೈಗೆತ್ತಿಕೊಂಡರು. ಮೆಟ್ಟುಗಳಿಲ್ಲದ ತಂತಿಯ ಮೇಲೆ ಬೆರಳು ಜಾರಿದಂತೆ ಸ್ವರವೂ ಜಾರಿತು. ಹಾರ್ಮೋನಿಯಮ್ಮಿನ ಗತಿ ಬೇರೆಯಾಯಿತು. ಕಟ್ಟಿಹಾಕಿದ ಸ್ವರಗಳ ವಾದ್ಯವೆಂಬ ಕಾರಣದಿಂದ 1940ರಲ್ಲಿ ಅದನ್ನು ರೇಡಿಯೋದಿಂದ ಹೊರಗಿಟ್ಟರು. 1971ರಲ್ಲಿ ಆ ನಿಷೇಧ ಸಡಿಲವಾಗುವವರೆಗೆ ಮೂರು ದಶಕ ಅದು ಬಾಗಿಲ ಹೊರಗೇ ನಿಂತಿತ್ತು.

ಇನ್ನು ಸಾಕ್ಸೊಫೋನನ್ನು ನೆನೆಯಿರಿ. ಬೆಲ್ಜಿಯಮ್ಮಿನ ಅಡಾಲ್ಫ್ ಸಾಕ್ಸ್ ಎಂಬಾತ 1846ರಲ್ಲಿ ಹಕ್ಕುಪತ್ರ ಪಡೆದ ಹಿತ್ತಾಳೆಯ ವಾದ್ಯ ಅದು. ನಾಗಸ್ವರದವರು ರಂಧ್ರವನ್ನು ಬೆರಳಿನಿಂದ ಅರ್ಧ ಮುಚ್ಚಿ, ಅರ್ಧ ತೆರೆದು ಸ್ವರವನ್ನು ತೂಗುತ್ತಾರೆ. ಸಾಕ್ಸೊಫೋನಿನಲ್ಲಿ ಬೆರಳು ರಂಧ್ರವನ್ನು ಮುಟ್ಟುವುದೇ ಇಲ್ಲ. ಕೀಲಿಯನ್ನು ಒತ್ತಿದರೆ ಮುಚ್ಚಳವು ಬಂದು ರಂಧ್ರದ ಮೇಲೆ ಕೂರುತ್ತದೆ. ಇಂತಹದರಿಂದ ತೋಡಿಯನ್ನು ಹೊರಡಿಸುವುದುಂಟೆ ಎಂದು ಬಲ್ಲವರು ಕೇಳಿದರೆ ಅದು ಹಠಮಾರಿತನವಲ್ಲ, ನ್ಯಾಯವಾದ ಪ್ರಶ್ನೆ.

ಇದಕ್ಕೆ ಉತ್ತರ ಬಂದದ್ದು ದಕ್ಷಿಣ ಕನ್ನಡದಿಂದ. ಧರ್ಮಸ್ಥಳದ ಯಾತ್ರಿಕರು ಮೀಯುವ ನೇತ್ರಾವತಿಯು ಮುಂದೆ ಬಂಟ್ವಾಳದ ಕಡೆಗೆ ಹರಿಯುತ್ತದೆ. ಆ ತಾಲೂಕಿನ ಸಜಿಪಮೂಡದಲ್ಲಿ 1949ರ ಡಿಸೆಂಬರಿನಲ್ಲಿ, ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮಗನಾಗಿ ಗೋಪಾಲನಾಥರು ಹುಟ್ಟಿದರು. ಮುಂದೆ ನಾಡು ಅವರನ್ನು ಕದ್ರಿ ಗೋಪಾಲನಾಥರೆಂದು ಕರೆಯಿತು. ತಂದೆಯ ನಾಗಸ್ವರವೇ ಅವರ ಮೊದಲ ವಿದ್ಯೆ. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸಾಕ್ಸೊಫೋನನ್ನು ಕೇಳಿದ ಹುಡುಗನ ಮನಸ್ಸು ಅದರ ಕಡೆಗೆ ತಿರುಗಿತು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್‌ರವರಲ್ಲಿಯೂ ತರುವಾಯ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್‌ರವರಲ್ಲಿಯೂ ಅವರಿಗೆ ಶಿಕ್ಷಣವಾಯಿತು. ಕೀಲಿಗಳಿಂದ ಆಗದ ಕೆಲಸವನ್ನು ಅವರು ತುಟಿ, ಉಸಿರು, ಗಂಟಲುಗಳಿಂದ ಮಾಡಿಸಿದರು. ಬಾಯಲ್ಲಿ ಹಿಡಿದ ಬೆತ್ತದ ಸೀಳಿನ ಮೇಲೆ ತುಟಿಯ ಬಿಗಿತ ಎಳ್ಳಷ್ಟು ಸಡಿಲವಾದರೆ ಸ್ವರ ಕೆಳಗಿಳಿಯುತ್ತದೆ, ಬಿಗಿಯಾದರೆ ಮೇಲೇರುತ್ತದೆ. ಆ ಎಳ್ಳಷ್ಟರಲ್ಲಿಯೇ ಗಮಕವಿದೆ. ಅದು ಕೈಗೂಡುವುದಕ್ಕೆ ವರ್ಷಗಳೇ ಬೇಕಾದವು.

1980ರಲ್ಲಿ ಮುಂಬಯಿಯ ಜಾಸ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ವೇದಿಕೆಯೇರಿದ ಮೇಲೆ ಅವರ ಹೆಸರು ಹೊರದೇಶಗಳಿಗೂ ಹಬ್ಬಿತು. ಪಿಟೀಲಿನ ಎ. ಕನ್ಯಾಕುಮಾರಿಯವರೊಡನೆ ಅವರು ನಡೆಸಿದ ಜೋಡಿ ಕಛೇರಿಗಳನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. 1994 ಅವರ ಪಾಲಿಗೆ ದೊಡ್ಡ ವರ್ಷ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಪ್ರಾಮೆನೇಡ್ ಕಛೇರಿ ಅದೇ ವರ್ಷ ನಡೆಯಿತು. ಎ. ಆರ್. ರೆಹಮಾನರು ಸಂಗೀತ ಕೊಟ್ಟ ‘ಡ್ಯುಯೆಟ್’ ಎಂಬ ತಮಿಳು ಚಿತ್ರವೂ ಆಗಲೇ ಬಂದಿತು. ಶಾಸ್ತ್ರೀಯ ಕಛೇರಿಗೆ ಕಾಲಿಡದವರ ಮನೆಗಳಲ್ಲಿ ಕೂಡ ಅವರ ಕಲ್ಯಾಣವಸಂತ ಕೇಳಿಸಿತು.

ಈಗ ಕಥೆ ಸಮುದ್ರದಾಚೆಗೆ ಹೋಗಬೇಕು. ಕರ್ನಾಟಕದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕುಟುಂಬವೊಂದರ ಮಗ ರುದ್ರೇಶ ಮಹಾಂತಪ್ಪ. ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟೆಯಲ್ಲಿ, ಬೆಳೆದದ್ದು ಕೊಲರಾಡೋದಲ್ಲಿ, ಕಲಿತದ್ದು ಜಾಸ್. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರ ಅಣ್ಣ ತಮಾಷೆಗೆಂದು ಭಾರತೀಯ ಸಾಕ್ಸೊಫೋನಿನ ಧ್ವನಿಮುದ್ರಿಕೆಯೊಂದನ್ನು ತಂದುಕೊಟ್ಟರು. ಅದು ಗೋಪಾಲನಾಥರದು. ತನ್ನ ಕೈಯಲ್ಲಿದ್ದ ವಾದ್ಯವೇ ತನ್ನ ಹಿರಿಯರ ನಾಡಿನ ಮಾತನ್ನಾಡುವುದನ್ನು ಕೇಳಿದ ಆ ತರುಣನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಮುಂದೆ ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’, ಎಂದರೆ ‘ಬಂಧುಗಳು’, 2008ರಲ್ಲಿ ಹೊರಬಂದಿತು. ಅದರಲ್ಲಿ ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗಗಳ ಜೊತೆಗೆ ರೆಜ್ ಅಬ್ಬಾಸಿಯವರ ಗಿಟಾರು, ಪಾಶ್ಚಾತ್ಯ ಬಾಸ್ ಮತ್ತು ಡ್ರಮ್ಮುಗಳಿವೆ. ಮೇಳದ ರಚನೆಗಳ ನಡುನಡುವೆ ಬೇರೆ ಬೇರೆ ವಾದಕರ ಆಲಾಪಗಳು ಬರುತ್ತವೆ; ಯಾರ ಮನೆ ಯಾವುದೆಂಬುದು ಕೇಳುವವರಿಗೆ ಮರೆಯುವುದಿಲ್ಲ.

ಈ ಜೋಡಿಯ ಹಿರಿಮೆ ಇಲ್ಲಿಯೇ ಇದೆ. ಗೋಪಾಲನಾಥರು ಅಲ್ಲಿಗೆ ಜಾಸ್ ನುಡಿಸಲು ಹೋಗಲಿಲ್ಲ; ರಾಗವನ್ನೇ ನುಡಿಸಿದರು. ಮಹಾಂತಪ್ಪನವರೂ ಕರ್ನಾಟಕ ಸಂಗೀತದ ವಿದ್ವಾಂಸನ ವೇಷ ಹಾಕಲಿಲ್ಲ. ತಮ್ಮ ಜಾಸ್ ಶಿಕ್ಷಣವನ್ನು ಬಿಡದೆ ರಾಗತಾಳಗಳ ಬಳಿಗೆ ಬಂದರು. ಹಾಲಿಗೆ ನೀರು ಬೆರೆಸಿದರೆ ಎರಡೂ ಕೆಡುತ್ತವೆ. ಎರಡು ನದಿಗಳು ಸೇರುವ ಸಂಗಮದಲ್ಲಿ ಸ್ವಲ್ಪ ದೂರ ಎರಡರ ಬಣ್ಣವೂ ಕಾಣುತ್ತದೆ. ಈ ಇಬ್ಬರದು ಎರಡನೆಯ ಬಗೆ.

ಮಹಾಂತಪ್ಪನವರು ಅಲ್ಲಿಗೇ ನಿಲ್ಲಲಿಲ್ಲ. ದಕ್ಷಿಣ ಭಾರತದ ಸಂಗೀತದ ಅಭ್ಯಾಸಕ್ಕಾಗಿ ಗುಗೆನ್‌ಹೈಮ್ ವೇತನ ಪಡೆದು, 2011ರಲ್ಲಿ ‘ಸಂಧಿ’ ಎಂಬ ಕೃತಿಯನ್ನು ಹೊರತಂದರು. ಅಲ್ಲಿ ಮೃದಂಗ, ಖಂಜಿರಗಳ ಪಕ್ಕದಲ್ಲಿ ವಿದ್ಯುತ್ ಗಿಟಾರು, ವಿದ್ಯುತ್ ಬಾಸ್ ಇವೆ. ಸಾಕ್ಸೊಫೋನು ನುಡಿಸುವವರ ಬಳಿಯಲ್ಲಿಯೇ ಲ್ಯಾಪ್‌ಟಾಪ್ ಗಣಕವೂ ಇದೆ. ವಿದ್ಯುತ್ತಿನ ನಾದವನ್ನು ಕಂಡು ಹೆದರಬೇಕಾದದ್ದಿಲ್ಲ. ರೇಡಿಯೋ ಪೆಟ್ಟಿಗೆಯ ಮುಂದೆ ಕುಳಿತು ಸಂಗೀತ ಕೇಳುವ ನಾವು ವಿದ್ಯುತ್ತಿನ ಮೂಲಕವೇ ಕೇಳುತ್ತೇವೆ. ನೋಡಬೇಕಾದದ್ದು ಯಂತ್ರ ಇದೆಯೋ ಇಲ್ಲವೋ ಎಂಬುದನ್ನಲ್ಲ, ಅದರ ಹಿಂದೆ ಸಾಧನೆ ಇದೆಯೋ ಇಲ್ಲವೋ ಎಂಬುದನ್ನು.

ಆದರೆ ಲಾಭವನ್ನಷ್ಟೇ ಲೆಕ್ಕ ಹಾಕಿದರೆ ಚರಿತ್ರೆ ಅರ್ಧವಾಗುತ್ತದೆ. ಕರಾವಳಿಯ ಮದುವೆಯ ಚಪ್ಪರಗಳಲ್ಲಿ, ದೇವಸ್ಥಾನದ ಉತ್ಸವಗಳಲ್ಲಿ ಇಂದು ಸಾಕ್ಸೊಫೋನು ಮನೆಯ ವಾದ್ಯವಾಗಿಬಿಟ್ಟಿದೆ. ಅದು ಕುಳಿತ ಜಾಗದಲ್ಲಿ ಹಿಂದೆ ನಾಗಸ್ವರ ಕುಳಿತಿತ್ತು. ಗೋಪಾಲನಾಥರ ತುಟಿಯಲ್ಲಿ ಸಾಕ್ಸೊಫೋನು ಹಾಡಿದ್ದು ಅವರ ಕಿವಿಯಲ್ಲಿ ತಂದೆಯ ನಾಗಸ್ವರ ತುಂಬಿದ್ದರಿಂದ. ನಾಗಸ್ವರವನ್ನೇ ಕೇಳದೆ ಬೆಳೆದ ಹುಡುಗನು ಅದೇ ಕೀಲಿಗಳನ್ನು ಒತ್ತಿದರೆ ಸ್ವರಗಳು ಬಂದಾವು, ಗಮಕ ಎಲ್ಲಿಂದ ಬಂದೀತು? ಹೊಸ ಗಿಡ ಹೂ ಬಿಟ್ಟಿತೆಂದು ಹಳೆಯ ಬಾವಿಯನ್ನು ಮುಚ್ಚುವುದು ಜಾಣತನವಲ್ಲ.

ಗೋಪಾಲನಾಥರಿಗೆ 2004ರಲ್ಲಿ ಪದ್ಮಶ್ರೀ ದೊರೆಯಿತು. 2019ರ ಅಕ್ಟೋಬರ್ 11ರಂದು ಅವರು ಮಂಗಳೂರಿನಲ್ಲಿ ತೀರಿಕೊಂಡರು. ಬಂಧುಗಳಲ್ಲಿ ಹಿರಿಯರ ಉಸಿರು ನಿಂತಿತು. ಕಿರಿಯರು 2016ರಲ್ಲಿಯೇ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಜಾಸ್ ವಿಭಾಗದ ಹೊಣೆ ವಹಿಸಿಕೊಂಡಿದ್ದರು.

ನಿಮಗೆ ಬಿಡುವಿರುವ ಒಂದು ಸಂಜೆ ಹೀಗೆ ಮಾಡಿ ನೋಡಿ. ಮೊದಲು ಒಳ್ಳೆಯ ನಾಗಸ್ವರವನ್ನು ಕೇಳಿ, ಆಮೇಲೆ ಗೋಪಾಲನಾಥರ ಒಂದು ಆಲಾಪನೆ, ಅನಂತರ ‘ಕಿನ್ಸ್‌ಮೆನ್’, ಕೊನೆಗೆ ‘ಸಂಧಿ’. ಮನೆಯ ಮಕ್ಕಳನ್ನೂ ಕೂರಿಸಿಕೊಳ್ಳಿ. ಒಂದೊಂದು ಮೆಟ್ಟಿಲು ಏರಿದಾಗಲೂ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಅವರನ್ನೇ ಕೇಳಿರಿ. ನಾಳೆಯ ಸಂಗೀತದ ತೀರ್ಪು ಅವರ ಕಿವಿಗಳಿಗೆ ಸೇರಿದ್ದು. ಆ ಕಿವಿಗಳನ್ನು ತಿದ್ದುವ ಕೆಲಸ ಮಾತ್ರ ನಮ್ಮ ಮನೆಗಳಲ್ಲಿ ಇಂದೇ ಆಗಬೇಕು.