ಸೈನ್-ಆಫ್ (ಮುಕ್ತ ತಂತ್ರಾಂಶ)

ಮುಕ್ತ ತಂತ್ರಾಂಶ ಯೋಜನೆಗಳಿಗೆ ಕೋಡ್ ಕೊಡುವವರು ಪ್ರತಿ ಕಮಿಟ್‌ನ (ದಾಖಲಿಸಿದ ಬದಲಾವಣೆಯ) ಟಿಪ್ಪಣಿಯ ಕೊನೆಗೆ ಹೆಸರು, ಇಮೇಲ್ ಸಮೇತ ಬರೆಯುವ ‘ಸೈನ್ಡ್-ಆಫ್-ಬೈ’ ಸಾಲಿಗೆ ಸೈನ್-ಆಫ್ ಎನ್ನುತ್ತಾರೆ. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂದು ಆ ಸಾಲಿನ ಮೂಲಕ ಅವರು ಒಪ್ಪಿಕೊಂಡಂತೆ. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ 2004ರಲ್ಲಿ ಶುರುವಾದ ಪದ್ಧತಿಯಿದು.

ಇದನ್ನು ಹುಟ್ಟಿಸಿದ್ದು ಒಂದು ಮೊಕದ್ದಮೆ. ಯುನಿಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ವ್ಯಾಪಾರ ರಹಸ್ಯಗಳನ್ನು ಐಬಿಎಂ ಲಿನಕ್ಸ್‌ಗೆ ದಾಟಿಸಿದೆ ಎಂದು ಅಮೆರಿಕದ ಎಸ್‌ಸಿಒ ಗ್ರೂಪ್ 2003ರ ಮಾರ್ಚ್‌ನಲ್ಲಿ ಯೂಟಾದಲ್ಲಿ ದಾವೆ ಹೂಡಿ, ನೂರು ಕೋಟಿ ಡಾಲರ್ ಪರಿಹಾರ ಕೇಳಿತು. ಯುನಿಕ್ಸ್‌ನ ಕೃತಿಸ್ವಾಮ್ಯ ನೊವೆಲ್ ಕಂಪನಿಯದೇ ಹೊರತು ಎಸ್‌ಸಿಒದ್ದಲ್ಲ ಎಂದು 2010ರಲ್ಲಿ ಜ್ಯೂರಿ ಹೇಳಿತು; ಐಬಿಎಂ ಜೊತೆಗಿನ ವ್ಯಾಜ್ಯ ರಾಜಿಯಲ್ಲಿ ಮುಗಿಯಲು 2021 ಆಯಿತು. ಆರೋಪ ಸಾಬೀತಾಗಲಿಲ್ಲ, ಆದರೆ ಅದು ಎಬ್ಬಿಸಿದ ಪ್ರಶ್ನೆ ಉಳಿಯಿತು: ಕರ್ನಲ್‌ನ ಈ ಸಾಲು ಯಾರಿಂದ, ಯಾರ ಕೈದಾಟಿ ಬಂತು? ಉತ್ತರಕ್ಕಾಗಿ ಹಳೆಯ ಇಮೇಲ್‌ಗಳನ್ನು ಕೆದಕಬೇಕಿತ್ತು.

2004ರ ಮೇ ತಿಂಗಳಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಮುಂದಿಟ್ಟ ಪರಿಹಾರ ಅಚ್ಚರಿಪಡುವಷ್ಟು ಸರಳ. ‘ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್’ (ಡಿಸಿಒ) ಎಂಬ ಚಿಕ್ಕ ಪ್ರಮಾಣಪತ್ರ; ಸೈನ್-ಆಫ್ ಸಾಲು ಬರೆದರೆ ಅದಕ್ಕೆ ಒಪ್ಪಿದಂತೆ. ಕೋಡ್ ನಾನೇ ಬರೆದದ್ದು, ಇಲ್ಲವೇ ತಕ್ಕ ಪರವಾನಗಿಯಿರುವ ಕೋಡನ್ನು ಆಧರಿಸಿದ್ದು, ಇಲ್ಲವೇ ಹೀಗೆ ಪ್ರಮಾಣಿಸಿದವರೊಬ್ಬರು ನನಗೆ ಕೊಟ್ಟದ್ದು: ಈ ಮೂರರಲ್ಲಿ ಒಂದು ನಿಜವಾಗಿರಬೇಕು. ಕೊಟ್ಟವರ ವಿವರ ಸಾರ್ವಜನಿಕ ದಾಖಲೆಯಾಗಿ ಉಳಿಯುತ್ತದೆಂಬ ಮಾತು 1.1ನೇ ಆವೃತ್ತಿಯಲ್ಲಿ ಸೇರಿತು. ಪ್ಯಾಚ್ (ಕಳಿಸಿದ ಬದಲಾವಣೆ) ಮೇಲಿನ ಹಂತಗಳಿಗೆ ಸಾಗುವಾಗ ಅದನ್ನು ದಾಟಿಸುವ ಪ್ರತಿ ನಿರ್ವಾಹಕರೂ ತಮ್ಮ ಸಾಲು ಸೇರಿಸುತ್ತಾರೆ. ಭೂದಾಖಲೆಯ ಮ್ಯುಟೇಶನ್‌ನಂತೆ, ಯಾರಿಂದ ಯಾರಿಗೆ ಬಂತೆಂಬುದು ಅಲ್ಲೇ ಓದಲು ಸಿಗುತ್ತದೆ.

ಆದರೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ತಂತ್ರಾಂಶ ಈ ಸಾಲು ನಿಜವೇ ಎಂದು ಪರಿಶೀಲಿಸುವುದಿಲ್ಲ. ಸುಳ್ಳು ಹೆಸರು ಬರೆದರೂ ಅದು ತಡೆಯದು. ಗಿಟ್‌ನಲ್ಲಿ ಚಿಕ್ಕಕ್ಷರದ ‘-ಎಸ್’ ಆಯ್ಕೆ ಬರಿಯ ಪಠ್ಯ ಸೇರಿಸಿದರೆ, ದೊಡ್ಡಕ್ಷರದ್ದು ಗೂಢಲಿಪಿಯ ಸಹಿ ಹಾಕುತ್ತದೆ. ಹೊಸಬರು ಎರಡನ್ನೂ ಒಂದೇ ಎಂದುಕೊಳ್ಳುವುದುಂಟು. ಡಿಸಿಒದ ಬಲವಿರುವುದು ಪರೀಕ್ಷೆಯಲ್ಲಲ್ಲ, ಹೊಣೆ ಯಾರದೆಂದು ಬರೆದಿಡುವುದರಲ್ಲಿ.

ಇದಕ್ಕೆ ಪರ್ಯಾಯ ಅಪಾಚೆ ಪ್ರತಿಷ್ಠಾನದಂಥವು ಬಳಸುವ, ಕೊಡುಗೆದಾರರು ಸಹಿ ಹಾಕಬೇಕಾದ ಪರವಾನಗಿ ಒಪ್ಪಂದ, ಅಂದರೆ ಸಿಎಲ್‌ಎ. ಕಂಪನಿಯ ಕಾನೂನು ವಿಭಾಗದ ಒಪ್ಪಿಗೆಗೆ ಕಾಯಬೇಕಾದ ಪ್ರೋಗ್ರಾಮರ್‌ಗೆ ಅದು ಭಾರವೇ. 2017ರಲ್ಲಿ ಗಿಟ್‌ಲ್ಯಾಬ್ ಸಿಎಲ್‌ಎ ಕೈಬಿಟ್ಟು ಡಿಸಿಒಗೆ ಬಂತು. 2022ರಲ್ಲಿ ಗಿಟ್‌ಹಬ್, ತನ್ನ ಜಾಲತಾಣದಲ್ಲೇ ಮಾಡುವ ಕಮಿಟ್‌ಗಳಿಗೂ ಸೈನ್-ಆಫ್ ಕಡ್ಡಾಯಗೊಳಿಸುವ ಸೌಲಭ್ಯ ಕೊಟ್ಟಿತು. ಗುಪ್ತನಾಮ ಸಲ್ಲದು, ನಿಜನಾಮವೇ ಬೇಕೆಂದಿದ್ದ ಕರ್ನಲ್ ಕೂಡ 2023ರಲ್ಲಿ ಸಡಿಲಿಸಿ, ಸಮುದಾಯಕ್ಕೆ ಪರಿಚಿತವಾದ ಗುರುತು ಸಾಕೆಂದಿತು.

ಕೃತಕ ಬುದ್ಧಿಮತ್ತೆ ಬರೆದ ಕೋಡಿಗೆ ಸೈನ್-ಆಫ್ ಹಾಕಬಹುದೇ ಎಂಬುದು ಈಚಿನ ತಕರಾರು. ಅಂಥ ಕೋಡಿನ ಕೃತಿಸ್ವಾಮ್ಯ, ಪರವಾನಗಿಗಳೇ ಅಸ್ಪಷ್ಟವಾಗಿರುವಾಗ ಡಿಸಿಒದ ಮಾತನ್ನು ಯಾರೂ ಖಚಿತವಾಗಿ ಆಡಲಾರರು ಎಂಬ ಕಾರಣಕ್ಕೆ ಕ್ಯೂಎಮ್ಯು ಎಂಬ ಮುಕ್ತ ತಂತ್ರಾಂಶ ಯೋಜನೆ 2025ರಲ್ಲಿ ಅಂಥ ಕೋಡನ್ನು ಸ್ವೀಕರಿಸುವುದಿಲ್ಲವೆಂದು ತನ್ನ ನಿಯಮಗಳಲ್ಲಿ ಬರೆದುಕೊಂಡಿತು.